ರೆಕ್ಕೆ ಕಾಯಿಯ ಹುಲ್ಲುಬಯಲ ಗಿಡ: ಚುಕ್ಕೆ ಸೊಪ್ಪಿನ ಕುಟುಂಬ ಅಂತಾರೆ, ಗೆಣ್ಣಿನಲ್ಲಿ ಪೊರೆ ಯಾಕಿಲ್ಲ?

ಬಯಲುಹೂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ಒಂದು ಗಿಡದ ಬಗ್ಗೆ ಕೇಳಬೇಕಿತ್ತು. ಗಿಡ ನಮ್ಮ ಕಡೆಯದಲ್ಲ. ಪ್ರಶ್ನೆ ಮಾತ್ರ ನಮ್ಮ ಕೆರೆ, ಹೊಲದ ಗಿಡಗಳಿಗೂ ಸೇರಿದ್ದು.

ನಮ್ಮಣ್ಣ ಅಮೆರಿಕದ ಕೊಲರಾಡೊದಲ್ಲಿದ್ದಾನೆ. ಅಲ್ಲಿ ರಾಕಿ ಬೆಟ್ಟಸಾಲು ಮುಗಿದ ಕೂಡಲೇ ಪೂರ್ವಕ್ಕೆ ಹುಲ್ಲುಬಯಲು ಶುರುವಾಗುತ್ತದೆ. ಆ ಬಯಲಿನ ಒಂದು ಗಿಡದ ಫೋಟೋಗಳನ್ನು ಕಳಿಸಿದ್ದಾನೆ. ಹೆಸರು ಎರಿಯೋಗೋನಮ್ ಅಲೇಟಮ್. ಹೆಸರಿನಲ್ಲಿ ಅನುಮಾನ ಇಲ್ಲ, ಕಾಯಿ ನೋಡಿದರೆ ಸಾಕು ಗೊತ್ತಾಗುತ್ತದೆ. ಅಲ್ಲಿಯೂ ಇದು ಎಲ್ಲೆಂದರಲ್ಲಿ ಸಿಗುವ ಗಿಡ ಅಲ್ಲವಂತೆ. ಇಲ್ಲೊಂದು, ಅಲ್ಲೊಂದು.

ಇದು ಪಾಲಿಗೊನೇಸಿ ಕುಟುಂಬ. ಉತ್ತರ ಭಾರತದವರು ಉಪವಾಸದ ದಿನ ತಿನ್ನುವ ಕುಟ್ಟು ಹಿಟ್ಟಿನ ಗಿಡ, ನಮ್ಮ ಚುಕ್ಕೆ ಸೊಪ್ಪು, ಕೆರೆ ಅಂಚಿನ ಪರ್ಸಿಕೇರಿಯಾ, ಎಲ್ಲವೂ ಇದೇ ಕುಟುಂಬ. ಇದನ್ನು ಗುರುತಿಸಲು ಕಾಲೇಜಿನಲ್ಲಿ ಹೇಳಿಕೊಟ್ಟದ್ದು ಒಂದೇ ಮಾತು: ಗೆಣ್ಣು ನೋಡು, ಓಕ್ರಿಯಾ ಇದೆಯಾ ನೋಡು. ಓಕ್ರಿಯಾ ಅಂದರೆ ಎಲೆ ಹುಟ್ಟುವ ಜಾಗದಲ್ಲಿ ಕಾಂಡವನ್ನು ಸುತ್ತಿಕೊಂಡಿರುವ ತೆಳು ಪೊರೆ. ಅಣ್ಣನ ಫೋಟೋದಲ್ಲಿ ಗೆಣ್ಣು ಚೆನ್ನಾಗಿಯೇ ಕಾಣುತ್ತಿದೆ. ಪೊರೆ ಇಲ್ಲ. ಹರಿದು ಬಿದ್ದ ಗುರುತೂ ಇಲ್ಲ.

ಫೋಟೋದಲ್ಲಿ ಕಂಡದ್ದು ಇಷ್ಟು. ಬುಡದಲ್ಲಿ ನೆಲಕ್ಕೆ ಅಂಟಿದ ಎಲೆಗಳ ಗುಂಪು. ಎಲೆ ಉದ್ದ, ಸಪೂರ, ಮೈ ತುಂಬ ಒತ್ತಿದಂತಿರುವ ಒರಟು ಕೂದಲು. ನಡುವಿನಿಂದ ಒಂದೇ ಒಂದು ನೆಟ್ಟನೆ ದಂಟು. ದಂಟಿನ ಮೇಲೂ ಎಲೆ ಇವೆ, ಮೇಲೆ ಹೋದ ಹಾಗೆ ಸಣ್ಣದಾಗುತ್ತವೆ. ಮೇಲ್ಭಾಗ ಕವಲು ಕವಲು. ಹೂ ಹಳದಿ, ತೀರಾ ಪುಟ್ಟದು, ಎರಡು ಮಿಲಿಮೀಟರ್ ಇದ್ದರೆ ಹೆಚ್ಚು. ಕಾಯಿ ಮಾತ್ರ ಹೂವಿಗಿಂತ ಎಷ್ಟೋ ದೊಡ್ಡದು. ಅದಕ್ಕೆ ಮೂರು ರೆಕ್ಕೆ. ಮೊದಲು ಹಳದಿ ಮಿಶ್ರಿತ ಹಸಿರು, ಬಲಿತ ಮೇಲೆ ಕೆಂಪುಕಂದು.

ಪೊರೆಯೇ ಇಲ್ಲದ ಗಿಡವನ್ನು ಈ ಕುಟುಂಬಕ್ಕೆ ಸೇರಿಸಿದ್ದು ಯಾವ ಆಧಾರದ ಮೇಲೆ? ತಿಳಿದವರು ದಯವಿಟ್ಟು ಬಿಡಿಸಿ ಹೇಳಿ.

ಶೇಂಗಾಹೊಲ, ಚಳ್ಳಕೆರೆ

ತಂಗಿ, ನಾನು ಓದಿದವನಲ್ಲ, ಸೊಪ್ಪು ಬೆಳೆಯುವವನು. ಆದರೆ ರೆಕ್ಕೆ ಕಾಯಿ ಅಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಚುಕ್ಕೆ ಸೊಪ್ಪಿನ ಒಂದೆರಡು ಸಾಲನ್ನು ಕೀಳದೆ ಬೀಜಕ್ಕೆ ಬಿಡುತ್ತೇವೆ. ಅದಕ್ಕೂ ರೆಕ್ಕೆ ಇರುತ್ತದೆ. ತೆಳ್ಳಗೆ, ಗುಲಾಬಿ ಬಣ್ಣ, ಒಳಗೆಲ್ಲ ಕೆಂಪು ನರ. ಗಿಡದ ತುಂಬ ಗೊಂಚಲಾಗಿ ಬಿಡುತ್ತದೆ. ಒಣಗಿದ ಮೇಲೆ ಗಾಳಿ ಬಂದರೆ ಬದುವಿನ ಆಚೆಗೂ ಹೋಗುತ್ತದೆ. ಹಾಗಾಗಿ ಅದು ಚುಕ್ಕೆ ಸೊಪ್ಪಿನ ನೆಂಟ ಅಂದರೆ ನನಗೆ ಏನೂ ಆಶ್ಚರ್ಯ ಇಲ್ಲ.

ಉತ್ತರ ಕರ್ನಾಟಕದವರು ಇದನ್ನು ಹುಳಿಚಿಕ್ಕ ಅಂತಾರೆ. ನಮ್ಮ ಕಡೆ ಬೇಳೆ ಜೊತೆ ಹಾಕಿ ಬೇಯಿಸುತ್ತೇವೆ. ಹುಣಸೆಹಣ್ಣು ಬೇಕಾಗುವುದಿಲ್ಲ.

ಮೇಷ್ಟ್ರು, ಕೋಟೆನಾಡು

ಬಯಲುಹೂ ಅವರೇ, ಒಳ್ಳೆ ಪ್ರಶ್ನೆ ತಂದಿದ್ದೀರಿ. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಓಕ್ರಿಯಾ ನೋಡಿ ಎಂದು ನಾನೂ ಪಾಠ ಮಾಡುತ್ತಿದ್ದೆ. ಚಿತ್ರದುರ್ಗ, ದಾವಣಗೆರೆ ಜಿಲ್ಲೆಗಳ ಹೊಲ, ಕೆರೆ ಸುತ್ತಿ ಈ ಕುಟುಂಬವನ್ನು ಹುಡುಕುವವರಿಗೆ ಅದು ಇವತ್ತಿಗೂ ಬಹಳ ಒಳ್ಳೆಯ ಗುರುತು. ಆದರೆ ಪಾಲಿಗೊನೇಸಿ ನಮ್ಮ ಜಿಲ್ಲೆಗಿಂತ ದೊಡ್ಡದು. ಸುಮಾರು 50 ಕುಲ, 1200 ಜಾತಿ. ಅದರಲ್ಲಿ ಎರಿಯೋಗೋನಮ್ ಎಂಬ ಒಂದೇ ಕುಲದಲ್ಲಿ ಸುಮಾರು 250 ಜಾತಿ ಇವೆ, ಎಲ್ಲವೂ ಉತ್ತರ ಅಮೆರಿಕದವು. ಆ 250ರಲ್ಲಿ ಯಾವುದಕ್ಕೂ ಓಕ್ರಿಯಾ ಇಲ್ಲ. ಅಂದರೆ ಕುಟುಂಬದ ಐದರಲ್ಲಿ ಒಂದು ಪಾಲು ನಾವು ಕಲಿತ ಮೊದಲ ಗುರುತಿನ ಹೊರಗೆ ನಿಂತಿದೆ.

ಹಾಗಾದರೆ ಕುಟುಂಬ ಹೇಗೆ ಗೊತ್ತಾಗುತ್ತದೆ? ಹೂವಿನ ಒಳಗೆ ಹೋಗಬೇಕು, ಅದಕ್ಕಿಂತ ಹೆಚ್ಚಾಗಿ ಕಾಯಿಗೆ ಹೋಗಬೇಕು. ಈ ಕುಟುಂಬದ ಅಂಡಾಶಯಕ್ಕೆ ಒಂದೇ ಕೋಣೆ. ಅದರೊಳಗೆ ಒಂದೇ ಒಂದು ಅಂಡಕ. ಆ ಅಂಡಕ ಗೋಡೆಯಿಂದ ಹುಟ್ಟುವುದಿಲ್ಲ, ತಳದಿಂದ ನೇರವಾಗಿ ಮೇಲೆದ್ದು ನಿಲ್ಲುತ್ತದೆ. ಮೇಲೆ ಸಾಮಾನ್ಯವಾಗಿ ಮೂರು ಶಲಾಕೆ. ಕಾಯಿ ಒಣ ಕಾಯಿ, ಒಳಗೆ ಒಂದೇ ಬೀಜ, ಬಲಿತರೂ ತಾನಾಗಿ ಒಡೆಯುವುದಿಲ್ಲ. ಹೆಚ್ಚಿನವುಗಳಲ್ಲಿ ಮೂರು ಮೂಲೆ ಇರುತ್ತವೆ. ಬೀಜದ ತುಂಬ ಹಿಟ್ಟು. ಕುಟ್ಟುವನ್ನು ಬೀಸಿ ರೊಟ್ಟಿ ಮಾಡಲು ಆಗುವುದು ಆ ಹಿಟ್ಟಿನಿಂದಲೇ. ಗೋಧಿಗೂ ಕುಟ್ಟುವಿಗೂ ಸಂಬಂಧ ಇಲ್ಲ, ಗೋಧಿ ಹುಲ್ಲಿನ ಜಾತಿ.

ಈಗ ನಿಮ್ಮ ಗಿಡದ ಹೂ. ಇದರಲ್ಲಿ ದಳ ಬೇರೆ, ಹೊರಗಿನ ಹಸಿರು ಎಸಳು ಬೇರೆ ಅಂತ ಇಲ್ಲ. ಎಲ್ಲ ಒಂದೇ ಥರ, ಅದಕ್ಕೆ ಟೆಪಲ್ ಅಂತೀವಿ. ಮೂರು ಹೊರಗೆ, ಮೂರು ಒಳಗೆ. ಕೇಸರ ಒಂಬತ್ತು. ಶಲಾಕೆ ಮೂರು. ಕಾಯಿಗೆ ಮೂರು ರೆಕ್ಕೆ. ಪೂರ್ತಿ ಮೂರರ ಲೆಕ್ಕ. ಮೂರರ ಲೆಕ್ಕ ಕಂಡರೆ ಏಕದಳ, ಐದು ಅಥವಾ ನಾಲ್ಕು ಕಂಡರೆ ದ್ವಿದಳ ಅಂತ ಪರೀಕ್ಷೆಗೆ ಓದುತ್ತಾರಲ್ಲ, ಈ ಹೂವನ್ನು ಆ ಮಕ್ಕಳ ಮುಂದೆ ಇಡಬೇಕು. ಇದು ದ್ವಿದಳ ಸಸ್ಯವೇ. ಚುಕ್ಕೆ ಸೊಪ್ಪಿನಲ್ಲೂ ಟೆಪಲ್ ಮೂರು ಮತ್ತು ಮೂರು, ಕೇಸರ ಆರು.

ಇನ್ನೊಂದು ಭಾಗವನ್ನು ನೀವು ಬರೆದಿಲ್ಲ, ಫೋಟೋ ಇದ್ದರೆ ನೋಡಿ. ಎರಿಯೋಗೋನಮ್ ಕುಲದ ನಿಜವಾದ ಗುರುತು ಅದು. ಹೂಗಳ ಗುಂಪಿನ ಬುಡದಲ್ಲಿ ಒಂದು ಪುಟ್ಟ ಬಟ್ಟಲು ಇರುತ್ತದೆ, ಇನ್ವಾಲ್ಯೂಕರ್. ಈ ಜಾತಿಯಲ್ಲಿ ಅದು ಎರಡರಿಂದ ನಾಲ್ಕು ಮಿಲಿಮೀಟರ್, ಬಾಯಿಯಲ್ಲಿ ಐದು ಹಲ್ಲು. ಆ ಬಟ್ಟಲಿನಿಂದ ಸಣ್ಣ ತೊಟ್ಟಿನ ಮೇಲೆ ಹೂಗಳು ಒಂದಾದ ಮೇಲೊಂದು ಹೊರಬರುತ್ತವೆ. ನಮ್ಮ ಕಡೆಯ ಪಾಲಿಗೊನೇಸಿ ಗಿಡಗಳಲ್ಲಿ ಇಂಥ ಬಟ್ಟಲನ್ನು ನಾನು ಕಂಡಿಲ್ಲ.

ಬಯಲುಹೂ, ದಾವಣಗೆರೆ

ತುಂಬ ಧನ್ಯವಾದ ಮೇಷ್ಟ್ರೇ. ಬಟ್ಟಲಿನ ಫೋಟೋ ಅಣ್ಣನಿಂದ ತರಿಸುತ್ತೇನೆ.

ಚಳ್ಳಕೆರೆ ಅಣ್ಣ, ನಿಮ್ಮ ಮಾತು ಓದಿದ ಮೇಲೆ ಮಾರ್ಕೆಟ್ಟಿನಲ್ಲಿ ಕೇಳಿದೆ. ಸೊಪ್ಪಿನ ಸಿವುಡಿನಲ್ಲಿ ಕಾಯಿ ಬಿಟ್ಟ ದಂಟು ಒಂದು ಸಿಕ್ಕಿತು. ಬಿಡಿಸಿ ನೋಡಿದೆ. ಇಲ್ಲೊಂದು ಮುಖ್ಯ ವ್ಯತ್ಯಾಸ ಕಂಡಿತು, ಅದನ್ನು ಎಲ್ಲರೂ ನೋಡಬೇಕು.

ಚುಕ್ಕೆ ಸೊಪ್ಪಿನಲ್ಲಿ ನಮಗೆ ರೆಕ್ಕೆ ಅಂತ ಕಾಣುವುದು ಕಾಯಿಯ ಭಾಗ ಅಲ್ಲವೇ ಅಲ್ಲ. ಅವು ಹೂವಿನ ಒಳಗಿನ ಮೂರು ಟೆಪಲ್‌ಗಳು. ಹೂ ಮುಗಿದ ಮೇಲೂ ಉದುರದೆ, ಬೆಳೆದು ಬೆಳೆದು ದುಂಡಗಿನ ಹಾಳೆಗಳಾಗುತ್ತವೆ. ಉಗುರಿನಿಂದ ಬಿಡಿಸಿದರೆ ಮೂರು ಹಾಳೆ ಬೇರೆ ಬರುತ್ತವೆ, ನಡುವೆ ಮೂರು ಮೂಲೆಯ ನುಣುಪಾದ ಕಾಯಿ ಉಳಿಯುತ್ತದೆ. ಆ ಕಾಯಿಗೆ ಸ್ವಂತ ರೆಕ್ಕೆ ಇಲ್ಲ.

ಎರಿಯೋಗೋನಮ್ ಅಲೇಟಮ್‌ನಲ್ಲಿ ಟೆಪಲ್ ಕೂಡ ಸ್ವಲ್ಪ ಬೆಳೆಯುತ್ತವೆ, ಆದರೆ ಚಿಕ್ಕದಾಗಿಯೇ ಬುಡದಲ್ಲಿ ಉಳಿಯುತ್ತವೆ. ರೆಕ್ಕೆ ಬರುವುದು ಕಾಯಿಯ ಗೋಡೆಯಿಂದಲೇ. ಮೂರು ಮೂಲೆಗಳೂ ತೆಳ್ಳಗಾಗಿ ಹೊರಕ್ಕೆ ಚಾಚಿ ರೆಕ್ಕೆಯಾಗಿವೆ. ಅದನ್ನು ಬಿಡಿಸಲು ಬರುವುದಿಲ್ಲ, ಕತ್ತರಿಸಬೇಕು.

ಕೆಲಸ ಒಂದೇ, ಗಾಳಿಗೆ ಸಿಕ್ಕುವುದು. ಅದಕ್ಕೆ ಬಳಸಿದ ಭಾಗ ಮಾತ್ರ ಬೇರೆ ಬೇರೆ. ನೆಂಟಸ್ತಿಕೆಗೆ ರೆಕ್ಕೆ ಸಾಕ್ಷಿ ಆಗುವುದಿಲ್ಲ ಅಂತ ಇದರಿಂದ ನನಗೆ ಅನಿಸುತ್ತಿದೆ. ಒಳಗಿನ ಮೂರು ಮೂಲೆಯ ಒಂಟಿ ಬೀಜದ ಕಾಯಿಯೇ ಸಾಕ್ಷಿ. ಸರೀನಾ ಮೇಷ್ಟ್ರೇ?

ಮೇಷ್ಟ್ರು, ಕೋಟೆನಾಡು

ಪೂರ್ತಿ ಸರಿ. ಬಹಳ ಸಂತೋಷವಾಯಿತು. ಬಿಡಿಸಿ ನೋಡಿದ್ದಕ್ಕೆ ಸಿಕ್ಕ ಉತ್ತರ ಇದು.

ಒಂದು ಮಾತು ಸೇರಿಸುತ್ತೇನೆ. ಹಿಂದೆ ಈ ರೆಕ್ಕೆ ಕಾಯಿಯ ಕಾರಣಕ್ಕೇ ಇದನ್ನು ಎರಿಯೋಗೋನಮ್‌ನಿಂದ ತೆಗೆದು ಟೆರೋಗೋನಮ್ ಎಂಬ ಬೇರೆ ಕುಲ ಮಾಡಿದವರಿದ್ದರು. ಈಗ ಟೆರೋಗೋನಮ್ ಅನ್ನುವುದು ಎರಿಯೋಗೋನಮ್ ಒಳಗಿನ ಒಂದು ಉಪಕುಲ. ಅದರಲ್ಲಿ ಇರುವುದು ಕೆಲವೇ ಜಾತಿ. ಬಟ್ಟಲು, ಒಂಬತ್ತು ಕೇಸರ, ಓಕ್ರಿಯಾ ಇಲ್ಲದ ಗೆಣ್ಣು, ಇವೆಲ್ಲ ಉಳಿದ ಎರಿಯೋಗೋನಮ್‌ಗಳ ಹಾಗೇ ಇರುವಾಗ ರೆಕ್ಕೆ ಒಂದಕ್ಕಾಗಿ ಮನೆ ಬೇರೆ ಮಾಡುವುದು ಸರಿಯಲ್ಲ ಎಂದು ನನ್ನ ಅಭಿಪ್ರಾಯವೂ ಹೌದು.

ಗಿಡಕ್ಕೆ ಹೆಸರಿಟ್ಟದ್ದು ಜಾನ್ ಟೊರಿ. ಅಮೆರಿಕದ ಸೈನ್ಯದ ಸಿಟ್‌ಗ್ರೀವ್ಸ್ ಎಂಬ ಅಧಿಕಾರಿ ಜುನಿ ಮತ್ತು ಕೊಲರಾಡೊ ನದಿಗಳ ದಾರಿ ಹುಡುಕಿ 1851ರಲ್ಲಿ ಯಾತ್ರೆ ಮಾಡಿದ. ಆ ಯಾತ್ರೆಯ ವರದಿ 1853ರಲ್ಲಿ ಅಚ್ಚಾಯಿತು. ಅದರಲ್ಲೇ ಈ ಗಿಡದ ಮೊದಲ ವಿವರ ಇದೆ, ಚಿತ್ರದ ಸಮೇತ.

ಟೀಚರ್, ಜಗಳೂರು

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುತ್ತೇನೆ. ಇದನ್ನೆಲ್ಲ ಮಕ್ಕಳಿಗೆ ತೋರಿಸಬೇಕು ಅನಿಸಿತು. ಕೊಲರಾಡೊ ಗಿಡ ಫೋಟೋದಲ್ಲಿ ಸಾಕು. ಓಕ್ರಿಯಾ ಮಾತ್ರ ಕೈಯಲ್ಲಿ ಹಿಡಿದು ನೋಡಬೇಕು. ನಮ್ಮ ತಾಲೂಕಿನಲ್ಲಿ ಮಳೆ ಕಡಿಮೆ, ಕೆರೆಗಳಲ್ಲಿ ನೀರು ನಿಲ್ಲುವುದೂ ಕಡಿಮೆ. ಎಲ್ಲಿ ಹುಡುಕಲಿ ಮೇಷ್ಟ್ರೇ?

ಮೇಷ್ಟ್ರು, ಕೋಟೆನಾಡು

ನೀರು ಕಡಿಮೆ ಇರುವುದೇ ನಿಮಗೆ ಅನುಕೂಲ ಮೇಡಂ. ನೀರು ಹಿಂದೆ ಸರಿದ ಮೇಲೆ ಕೆರೆಯಂಗಳಕ್ಕೆ ಹೋಗಿ. ನೆಲಕ್ಕೆ ಅಂಟಿಕೊಂಡು ಸುತ್ತಲೂ ಹರಡಿದ ಒಂದು ಸಣ್ಣ ಗಿಡ ಸಿಗುತ್ತದೆ. ಎಲೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದ. ಎಲೆ ಕಂಕುಳಲ್ಲಿ ಗುಲಾಬಿ ಅಥವಾ ಬಿಳಿ ಹೂ, ತೀರಾ ಸಣ್ಣವು. ಪಾಲಿಗೋನಮ್ ಪ್ಲೆಬಿಯಂ. ರಾಬರ್ಟ್ ಬ್ರೌನ್ 1810ರಲ್ಲಿ ಹೆಸರಿಟ್ಟ ಗಿಡ. ದನ ತುಳಿದಾಡುವ ಜಾಗದಲ್ಲೂ ಬದುಕುತ್ತದೆ, ಹಾಗಾಗಿ ಯಾರೂ ಬಗ್ಗಿ ನೋಡುವುದಿಲ್ಲ. ಅದರ ಒಂದು ಕವಲನ್ನು ಬಿಸಿಲಿಗೆ ಹಿಡಿಯಿರಿ. ಪ್ರತಿ ಗೆಣ್ಣಿನಲ್ಲೂ ಬೆಳ್ಳಿ ಬಣ್ಣದ, ತುದಿ ಹರಿದ ಪೊರೆ ಹೊಳೆಯುತ್ತದೆ. ಅದೇ ಓಕ್ರಿಯಾ. ಹತ್ತು ರೂಪಾಯಿಯ ಭೂತಗಾಜು ಇದ್ದರೆ ಇನ್ನೂ ಒಳ್ಳೆಯದು.

ದೊಡ್ಡದಾಗಿ ಕಾಣಬೇಕು ಅಂದರೆ ಪರ್ಸಿಕೇರಿಯಾ ಗ್ಲಾಬ್ರಾ. ಸೂಳೆಕೆರೆ ಅಂಚಿನಂಥ ಒದ್ದೆ ಜಾಗದ ಗಿಡ ಅದು, ಸೊಂಟದೆತ್ತರ ಬರುತ್ತದೆ. ದಂಟಿನ ಗೆಣ್ಣು ಉಬ್ಬಿರುತ್ತದೆ, ಉದ್ದನೆ ಎಲೆ, ಗುಲಾಬಿ ಹೂವಿನ ತೆನೆ. ಪೊರೆ ಒಂದು ಕೊಳವೆಯಾಗಿ ದಂಟನ್ನು ಸುತ್ತಿರುತ್ತದೆ. ಅದರ ಬಾಯಲ್ಲಿ ಕೂದಲು ಇಲ್ಲದಿದ್ದರೆ ಗ್ಲಾಬ್ರಾ. ಉದ್ದ ಕೂದಲಿನ ಸಾಲು ಇದ್ದರೆ ಅದು ಇದೇ ಕುಲದ ಬೇರೆ ಜಾತಿ. ನೋಡಿ, ಓಕ್ರಿಯಾ ಕುಟುಂಬ ಹೇಳುವುದಷ್ಟೇ ಅಲ್ಲ, ಕೆಲವು ಕಡೆ ಜಾತಿಯನ್ನೂ ಹೇಳುತ್ತದೆ. ನಮ್ಮ ಗಿಡಗಳಿಗೆ ಅದು ಅಷ್ಟು ಕೆಲಸಕ್ಕೆ ಬರುತ್ತದೆ.

ಚುಕ್ಕೆ ಸೊಪ್ಪಿನಲ್ಲೂ ಪೊರೆ ಇದೆ. ಬೇಗ ಹರಿದುಹೋಗುತ್ತದೆ, ಅದಕ್ಕೆ ಎಳೆ ದಂಟು ಆರಿಸಿಕೊಳ್ಳಿ.

ಚಿಟ್ಟೆ ಹಿಂದೆ, ಹರಿಹರ

ಎಲ್ಲರ ಮಾತನ್ನೂ ಓದುತ್ತಿದ್ದೆ. ನನಗೆ ಚಿಟ್ಟೆ ಫೋಟೋ ತೆಗೆಯುವ ಹವ್ಯಾಸ. ಆ ಕಡೆಯಿಂದ ಒಂದು ಸಂಗತಿ.

ಎರಿಯೋಗೋನಮ್ ಅಂದ ಕೂಡಲೇ ಅಮೆರಿಕದ ಚಿಟ್ಟೆಯವರಿಗೆ ನೆನಪಾಗುವುದು ಯೂಫಿಲೋಟಿಸ್. ಬೆರಳಿನ ಉಗುರಿನಷ್ಟು ಪುಟ್ಟ ನೀಲಿ ಚಿಟ್ಟೆಗಳು. ಅವುಗಳ ಮರಿಹುಳುಗಳು ಬೆಳೆಯುವುದು ಎರಿಯೋಗೋನಮ್ ಕುಲದ ಹೂ, ಕಾಯಿ ತಿಂದೇ. ಹೂ ಬಿಡುವ ಕಾಲಕ್ಕೂ ಚಿಟ್ಟೆ ಹೊರಬರುವ ಕಾಲಕ್ಕೂ ಹೊಂದಿಕೆ ಇರುತ್ತದೆ. ಹೂ ಸಣ್ಣದು ಅಂತ ಯಾರೂ ಕಡೆಗಣಿಸಬಾರದು.

ಮತ್ತೆ, ದಾವಣಗೆರೆ, ಹರಿಹರದ ಮನೆಗಳ ಕಾಂಪೌಂಡ್ ಮೇಲೆ ಒಂದು ಬಳ್ಳಿ ಇರುತ್ತದಲ್ಲ, ಹೃದಯದ ಆಕಾರದ ಎಲೆ, ಗುಲಾಬಿ ಹೂ, ವರ್ಷದ ಹೆಚ್ಚು ಕಾಲ ಜೇನುನೊಣ. ನರ್ಸರಿಯವರು ಕೋರಲ್ ಬಳ್ಳಿ ಅಂತಾರೆ, ಆಂಟಿಗೊನಾನ್. ಅದೂ ಪಾಲಿಗೊನೇಸಿ ಅಂತ ಓದಿದ್ದೆ. ಅದಕ್ಕೆ ಓಕ್ರಿಯಾ ಇದೆಯಾ?

ಮೇಷ್ಟ್ರು, ಕೋಟೆನಾಡು

ನೀವು ಸರಿಯಾದ ಜಾಗಕ್ಕೇ ಬಂದಿರಿ ಅಮ್ಮ. ಆಂಟಿಗೊನಾನ್ ಮೆಕ್ಸಿಕೋ ಕಡೆಯ ಬಳ್ಳಿ. ಅದರಲ್ಲಿ ಓಕ್ರಿಯಾ ಇದೆಯೋ ಇಲ್ಲವೋ ಅನ್ನುವಷ್ಟು ಸಣ್ಣದು. ಗೆಣ್ಣಿನಲ್ಲಿ ಒಂದು ಗೆರೆ, ಸ್ವಲ್ಪ ಪೊರೆ, ಅಷ್ಟೇ.

ಮೊದಲು ಕುಟುಂಬವನ್ನು ಸುಲಭವಾಗಿ ಎರಡು ಪಾಲು ಮಾಡುತ್ತಿದ್ದರು. ಪೊರೆ ಇರುವವು ಒಂದು ಕಡೆ, ಪೊರೆ ಇಲ್ಲದೆ ಬಟ್ಟಲು ಇರುವವು ಇನ್ನೊಂದು ಕಡೆ. ಡಿಎನ್‌ಎ ನೋಡಲು ಶುರು ಮಾಡಿದ ಮೇಲೆ ಆ ಗೆರೆ ಜರುಗಿತು. ಕಾಂಪೌಂಡ್ ಮೇಲಿನ ಆಂಟಿಗೊನಾನ್, ಸಮುದ್ರ ದಂಡೆಯ ಕೊಕ್ಕೊಲೋಬಾ ಮರ, ಇವೆಲ್ಲ ಚುಕ್ಕೆ ಸೊಪ್ಪಿಗಿಂತ ಎರಿಯೋಗೋನಮ್‌ಗೆ ಹತ್ತಿರ ಎಂದು ಗೊತ್ತಾಯಿತು. ಹಾಗಾಗಿ ಬಯಲುಹೂ ಅವರ ಅಣ್ಣ ಕಳಿಸಿದ ಗಿಡದ ಹತ್ತಿರದ ನೆಂಟ ನಿಮ್ಮ ಬೀದಿಯಲ್ಲೇ ಇದೆ.

ಇಡೀ ಕುಟುಂಬವನ್ನು ಇನ್ನೂ ದೂರದಿಂದ ನೋಡಿದರೆ ಹರಿವೆ, ಗೋಣಿ ಸೊಪ್ಪು, ಪಾಪಾಸುಕಳ್ಳಿ, ಬೋಗನ್‌ವಿಲ್ಲಾ ಇರುವ ಗಣಕ್ಕೇ ಇದೂ ಸೇರುತ್ತದೆ. ಒಣ ನೆಲಕ್ಕೆ ಒಗ್ಗಿದವರು ಈ ಗಣದಲ್ಲಿ ಬಹಳ.

ಕೊಲರಾಡೊದಲ್ಲಿರುವ ಅಣ್ಣ

ನಮಸ್ಕಾರ. ತಂಗಿ ಲಿಂಕ್ ಕಳಿಸಿದಳು. ಮತ್ತೆ ಹೋಗಿ ಅಳತೆ ತಂದಿದ್ದೇನೆ.

ಜಾಗ ಮೊದಲು ಹೇಳುತ್ತೇನೆ. ಜಲ್ಲಿ ಬೆರೆತ ಮರಳು ಮಣ್ಣು, ಸ್ವಲ್ಪ ಇಳಿಜಾರು. ಸುತ್ತ ಬ್ಲೂ ಗ್ರಾಮಾ, ಬಫೆಲೋ ಗ್ರಾಸ್ ಎಂಬ ಕುಳ್ಳ ಹುಲ್ಲುಗಳು, ಮೊಣಕಾಲೂ ಮುಟ್ಟುವುದಿಲ್ಲ. ಡೆನ್ವರ್ ಇರುವುದೇ ಸಮುದ್ರಮಟ್ಟದಿಂದ 1600 ಮೀಟರ್ ಎತ್ತರದಲ್ಲಿ, ಅಂದರೆ ಚಿತ್ರದುರ್ಗದ ಎರಡರಷ್ಟಕ್ಕಿಂತ ಜಾಸ್ತಿ. ಚಳಿಗಾಲದಲ್ಲಿ ಹಿಮ. ಬಯಲು ನೋಡಲು ಚಳ್ಳಕೆರೆ ಕಡೆಯ ಹಾಗಿದ್ದರೂ ಹವೆ ಬೇರೆ.

ಕುಳ್ಳ ಹುಲ್ಲಿನ ನಡುವೆ ಈ ಒಂಟಿ ದಂಟು ನನ್ನ ಎದೆಮಟ್ಟ ಇತ್ತು. ಬುಡದ ಅತಿ ಉದ್ದದ ಎಲೆ 14 ಸೆಂಟಿಮೀಟರ್, ಅಗಲ ಒಂದು ಸೆಂಟಿಮೀಟರೂ ಇಲ್ಲ. ಕಾಯಿ 7 ಮಿಲಿಮೀಟರ್. ಹೂವಿಗಿಂತ ಮೂರರಷ್ಟು ಉದ್ದ! ಒಂದೇ ಗಿಡದಲ್ಲಿ ಕೆಳಗೆ ಕಾಯಿ, ತುದಿಯಲ್ಲಿ ಇನ್ನೂ ಹೂ. ಇದು ಜೂನ್‌ನಿಂದ ಅಕ್ಟೋಬರ್‌ವರೆಗೆ ಹೂ ಬಿಡುವ ಗಿಡ.

ಪಕ್ಕದಲ್ಲಿ ಎಲೆ ಗುಂಪು ಮಾತ್ರ ಇರುವ ಸಣ್ಣ ಗಿಡಗಳಿದ್ದವು, ದಂಟು ಇಲ್ಲ. ಮೊದಲು ಬೇರೆ ಗಿಡವೇನೋ ಅಂತ ಹತ್ತಿರ ಹೋಗಿ ನೋಡಿದೆ. ಎಲೆಯ ಕೂದಲು, ಆಕಾರ ಎಲ್ಲ ಅದೇ. ಇದು ಯಾಕೆ ಹೀಗೆ?

ಮೇಷ್ಟ್ರು, ಕೋಟೆನಾಡು

ಆ ಗಿಡಗಳ ಕಾಲ ಇನ್ನೂ ಬಂದಿಲ್ಲ ಸರ್. ಎರಿಯೋಗೋನಮ್ ಅಲೇಟಮ್ ಹಲವು ವರ್ಷ ಬರೀ ಎಲೆ ಗುಂಪಾಗಿ ನೆಲದ ಮೇಲೆ ಕೂತಿರುತ್ತದೆ. ಅಷ್ಟು ಕಾಲವೂ ಊಟ ಕೆಳಗಿನ ದಪ್ಪ ತಾಯಿಬೇರಿಗೆ ಹೋಗುತ್ತದೆ. ಕೂಡಿಟ್ಟದ್ದು ಸಾಕಷ್ಟಾದ ಒಂದು ವರ್ಷ ದಂಟು ಎಬ್ಬಿಸಿ, ಹೂ ಬಿಟ್ಟು, ಕಾಯಿ ಮಾಡಿ ಸತ್ತುಹೋಗುತ್ತದೆ. ಜೀವನದಲ್ಲಿ ಒಮ್ಮೆ ಮಾತ್ರ ಹೂ. ಒಂದು ವರ್ಷದ ಗಿಡವೂ ಅಲ್ಲ, ವರ್ಷ ವರ್ಷ ಹೂ ಬಿಡುವ ಗಿಡವೂ ಅಲ್ಲ.

ಆ ಬೇರನ್ನು ನವಾಹೋ ಜನ ಔಷಧಿಗೆ ಬಳಸುತ್ತಿದ್ದರು.

ಶೇಂಗಾಹೊಲ, ಚಳ್ಳಕೆರೆ

ಹೊಲದ ಬದುವಿನ ಕತ್ತಾಳೆ ಹೀಗೇ ಅಲ್ವಾ ಮೇಷ್ಟ್ರೇ? ವರ್ಷಗಟ್ಟಲೆ ಸುಮ್ನೆ ಇರುತ್ತದೆ, ಒಂದು ವರ್ಷ ಕಂಬದ ಹಾಗೆ ಹೂವಿನ ದಂಟು ಏಳುತ್ತದೆ, ಆಮೇಲೆ ಬುಡವೇ ಒಣಗುತ್ತದೆ.

ಮೇಷ್ಟ್ರು, ಕೋಟೆನಾಡು

ಹೌದು, ಅದೇ ರೀತಿ. ಬಿದಿರೂ ಹಾಗೇ. ಒಂದು ವ್ಯತ್ಯಾಸ ಇದೆ. ಬಿದಿರು ಒಂದು ಸೀಮೆಯಲ್ಲಿ ಎಲ್ಲ ಒಟ್ಟಿಗೆ ಹೂ ಬಿಡುತ್ತದೆ. ಎರಿಯೋಗೋನಮ್ ಹಾಗಲ್ಲ, ತನ್ನ ತನ್ನ ಬೇರು ತುಂಬಿದ ಗಿಡ ಹೂ ಬಿಡುತ್ತದೆ. ಕತ್ತಾಳೆ ಬುಡದಲ್ಲಿ ಮರಿ ಬಿಟ್ಟು ಹೋಗುತ್ತದೆ. ಇದಕ್ಕೆ ಉಳಿಯುವ ದಾರಿ ಬೀಜ ಮಾತ್ರ. ಅಷ್ಟು ವರ್ಷದ ಗಳಿಕೆಯೆಲ್ಲ ಆ ರೆಕ್ಕೆ ಕಾಯಿಗಳಲ್ಲಿ ಇರುತ್ತದೆ.

ಬಯಲುಹೂ, ದಾವಣಗೆರೆ

ಅಪರೂಪ ಅನ್ನುವುದಕ್ಕೆ ಇದೂ ಒಂದು ಕಾರಣ ಇರಬಹುದಲ್ವಾ? ಇದು ಅಳಿವಿನಂಚಿನ ಗಿಡ ಅಲ್ಲ. ವ್ಯೋಮಿಂಗ್, ಕೊಲರಾಡೊ, ಯೂಟಾ, ಅರಿಜೋನಾ, ನ್ಯೂ ಮೆಕ್ಸಿಕೋ, ಟೆಕ್ಸಾಸ್‌ವರೆಗೆ ಹರಡಿದೆ. ನೆಬ್ರಾಸ್ಕಾ, ಕಾನ್ಸಾಸ್‌ಗಳ ಪಶ್ಚಿಮ ಅಂಚಿನಲ್ಲಿ ಸ್ವಲ್ಪ. ಆದರೂ ಒಂದು ಬಯಲಿಗೆ ಹೋದರೆ ದಂಟು ಎಬ್ಬಿಸಿದ ಗಿಡ ಕಾಣುವುದು ಕೆಲವೇ. ಉಳಿದವು ಹುಲ್ಲಿನ ಬುಡದಲ್ಲಿ ಅಡಗಿರುತ್ತವೆ. ದಂಟು ಇಲ್ಲದ ಗಿಡ ಗುರುತಿಸಲು ಗೊತ್ತಿಲ್ಲದವರು ಇಲ್ಲಿ ಈ ಗಿಡವೇ ಇಲ್ಲ ಅಂತ ಬರೆದು ಹೋಗುತ್ತಾರೆ.

ಇದನ್ನು ಯೋಚಿಸಿದಾಗ ನನಗೆ ನಮ್ಮ ಅಮೃತಮಹಲ್ ಕಾವಲುಗಳ ನೆನಪು ಬರುತ್ತದೆ. ಬೇಸಿಗೆಯಲ್ಲಿ ಕಾವಲು ನೋಡಿದವರು ಇಲ್ಲೇನಿದೆ, ಬರೀ ಒಣ ಹುಲ್ಲು, ಕಲ್ಲು, ಪಾಳು ಬಿದ್ದ ಜಮೀನು ಅಂತಾರೆ. ಹುಲ್ಲುಬಯಲಿನ ಗಿಡಗಳು ವರ್ಷದ ಹೆಚ್ಚು ಕಾಲ ನೆಲದ ಕೆಳಗೇ ಬದುಕುತ್ತವೆ, ಬೇರಾಗಿ, ಗೆಡ್ಡೆಯಾಗಿ, ಬೀಜವಾಗಿ. ಮಳೆ ಬಿದ್ದ ಕೆಲವು ವಾರಗಳಲ್ಲಿ ನೋಡಿದವರಿಗೆ ಮಾತ್ರ ಗೊತ್ತು ಅಲ್ಲಿ ಎಷ್ಟು ಬಗೆ ಹೂ ಇದೆ ಅಂತ. ಗಿಡಗಳ ಪಟ್ಟಿ ಮಾಡುವವರು ಬೇರೆ ಬೇರೆ ತಿಂಗಳಲ್ಲಿ ಹೋಗಬೇಕು. ಇಲ್ಲದಿದ್ದರೆ ಆ ಪಟ್ಟಿ ಕಾವಲಿಗೆ ಅನ್ಯಾಯ ಮಾಡುತ್ತದೆ.

ಶೇಂಗಾಹೊಲ, ಚಳ್ಳಕೆರೆ

ಈ ಮಾತು ಹೇಳಿದ್ದಕ್ಕೆ ನಿಮಗೆ ನಮಸ್ಕಾರ ತಂಗಿ. ನಾನು ಕಾವಲಿನ ಪಕ್ಕದ ಊರಿನವನು. ಮೈಸೂರು ಅರಸರ ಕಾಲದಿಂದ ದನ ಮೇಯಲು ಬಿಟ್ಟ ಜಾಗ ಅದು. ಕುದಾಪುರದ ಕಡೆ ದೊಡ್ಡ ಭಾಗಕ್ಕೆ ಬೇಲಿ ಬಂದ ಮೇಲೆ ನಮ್ಮ ಕುರಿಗೆ ದಾರಿ ದೂರವಾಯಿತು. ಉಳಿದ ಕಡೆ ಬಳ್ಳಾರಿ ಜಾಲಿ ನುಗ್ಗುತ್ತಿದೆ. ಜಾಲಿ ಬಂದ ಕಡೆ ಹುಲ್ಲು ಏಳುವುದಿಲ್ಲ. ಬಯಲನ್ನು ಪಾಳು ಅಂತ ಕರೆಯಬೇಡಿ ಅನ್ನುವುದೊಂದೇ ನಮ್ಮ ಕೋರಿಕೆ.

ಟೀಚರ್, ಜಗಳೂರು

ನಮ್ಮ ಕಡೆ ರಂಗಯ್ಯನದುರ್ಗದಲ್ಲಿ ಕೊಂಡುಕುರಿಗೆ ಅಂತ ಕಾಡು ಕಾಯ್ದಿಟ್ಟಿದ್ದಾರೆ. ಹುಲ್ಲು, ಕುರುಚಲು ಎರಡೂ ಬೇಕಾದ ಪ್ರಾಣಿ ಅದು. ಮಕ್ಕಳಿಗೆ ಹುಲ್ಲಿನ ಮಹತ್ವ ಹೇಳಲು ಅದನ್ನೇ ಉದಾಹರಣೆ ಕೊಡುತ್ತೇನೆ.

ಅಣ್ಣನವರೇ, ಒಂದು ಆಸೆ. ಊರಿಗೆ ಬರುವಾಗ ನಾಲ್ಕು ಕಾಯಿ ತರಲು ಆಗುತ್ತದಾ? ಶಾಲೆಯ ಕುಂಡದಲ್ಲಿ ಹಾಕಿ ನೋಡುತ್ತಿದ್ದೆವು.

ಶೇಂಗಾಹೊಲ, ಚಳ್ಳಕೆರೆ

ಬೇಡ ಮೇಡಂ, ದಯವಿಟ್ಟು ಬೇಡ. ಕಾಂಗ್ರೆಸ್ ಗಿಡ ಹೊರಗಿನಿಂದ ಬಂದದ್ದೇ. ಕೈಗೆ ತುರಿಕೆ ಹಚ್ಚಿಸಿಕೊಂಡು ಇವತ್ತಿಗೂ ಕೀಳುತ್ತಿದ್ದೇವೆ. ಬಳ್ಳಾರಿ ಜಾಲಿಯೂ ಹೊರಗಿನದೇ. ಈ ಗಿಡ ಹಾಗೆ ಹರಡುತ್ತದೆ ಅಂತ ನಾನು ಹೇಳುವುದಿಲ್ಲ. ಆದರೆ ರೆಕ್ಕೆ ಇರುವ ಬೀಜ, ನಮ್ಮದು ಗಾಳಿ ಬೀಸುವ ಬಯಲು. ಯಾಕೆ ಬೇಕು?

ಮೇಷ್ಟ್ರು, ಕೋಟೆನಾಡು

ಅವರು ಹೇಳಿದ್ದು ನೂರಕ್ಕೆ ನೂರು ಸರಿ. ಕಾನೂನೂ ಬಿಡುವುದಿಲ್ಲ. 2003ರ ಸಸ್ಯ ಕ್ವಾರಂಟೈನ್ ಆದೇಶದ ಪ್ರಕಾರ ಹೊರದೇಶದಿಂದ ಬಿತ್ತುವ ಬೀಜ ತರಲು ಮೊದಲೇ ಪರ್ಮಿಟ್ ಬೇಕು, ಆ ದೇಶದ ಸಸ್ಯ ಆರೋಗ್ಯ ಪ್ರಮಾಣಪತ್ರವೂ ಬೇಕು. ಜೇಬಿನಲ್ಲಿ ಹಾಕಿಕೊಂಡು ಬರುವ ವಿಷಯ ಅಲ್ಲ.

ಮಕ್ಕಳಿಗೆ ಬೆಳೆಸಿ ತೋರಿಸಲು ಚುಕ್ಕೆ ಸೊಪ್ಪು ಇದೆ ಮೇಡಂ. ಬಿತ್ತಿ, ಸೊಪ್ಪು ಕೊಯ್ದು, ಎರಡು ಗಿಡ ಹೂವಿಗೆ ಬಿಡಿ. ಗೆಣ್ಣಿನ ಪೊರೆ, ಮೂರರ ಲೆಕ್ಕದ ಹೂ, ಟೆಪಲ್ ಬೆಳೆದು ರೆಕ್ಕೆಯಾಗುವುದು, ಮೂರು ಮೂಲೆಯ ಕಾಯಿ, ಎಲ್ಲವೂ ಒಂದೇ ಕುಂಡದಲ್ಲಿ ಸಿಗುತ್ತದೆ. ಅದರ ಹುಳಿಗೆ ಆಕ್ಸಾಲಿಕ್ ಆಮ್ಲ ಕಾರಣ ಅಂತಲೂ ಹೇಳಿಕೊಡಿ. ಕಿಡ್ನಿ ಕಲ್ಲು ಇರುವವರು ಹೆಚ್ಚು ತಿನ್ನಬಾರದು ಅನ್ನುವುದು ಅದಕ್ಕೇ.

ಟೀಚರ್, ಜಗಳೂರು

ಒಪ್ಪಿದೆ ಮೇಷ್ಟ್ರೇ. ಚುಕ್ಕೆ ಸೊಪ್ಪೇ ಹಾಕುತ್ತೇವೆ. ಶೇಂಗಾಹೊಲದ ಅಣ್ಣ, ಬೀಜ ನಿಮ್ಮಿಂದಲೇ ಕೊಡಿ.

ಶೇಂಗಾಹೊಲ, ಚಳ್ಳಕೆರೆ

ಧಾರಾಳವಾಗಿ ಮೇಡಂ. ರೆಕ್ಕೆ ಸಮೇತ ಕೊಡುತ್ತೇನೆ, ಮಕ್ಕಳೇ ಬಿಡಿಸಲಿ.

ಕೊಲರಾಡೊದಲ್ಲಿರುವ ಅಣ್ಣ

ಬೀಜ ತರುವುದಿಲ್ಲ, ಫೋಟೋ ಹಾಕುತ್ತಿದ್ದೇನೆ. ಮೇಷ್ಟ್ರು ಕೇಳಿದ ಬಟ್ಟಲು ಸಿಕ್ಕಿತು. ಕವಲಿನ ಪ್ರತಿ ಗೆಣ್ಣಿಗೆ ಒಂದೊಂದು. ಐದು ಹಲ್ಲು ಎಣಿಸಲು ಬರುತ್ತದೆ. ಬಟ್ಟಲೊಳಗೆ ಒಂದು ಕಾಯಿ, ಒಂದು ಅರಳಿದ ಹೂ, ಎರಡು ಮೊಗ್ಗು. ಹೂವಿನ ಹೊರಮೈ ನುಣುಪು, ಕೂದಲೆಲ್ಲ ಎಲೆ ಮತ್ತು ದಂಟಿನ ಮೇಲೆ.

ಕೆಳಗೆ ಬಿದ್ದಿದ್ದ ಒಂದು ಕಾಯಿಯನ್ನು ಬ್ಲೇಡಿನಿಂದ ಅಡ್ಡ ಕತ್ತರಿಸಿದೆ. ನಡುವೆ ಮೂರು ಮೂಲೆಯ ಒಂದು ಕೋಣೆ, ಅದರಲ್ಲಿ ಬೆಳ್ಳಗೆ ಹಿಟ್ಟಿನಂಥ ಒಂದೇ ಬೀಜ. ಪ್ರತಿ ಮೂಲೆಯಿಂದ ಒಂದು ರೆಕ್ಕೆ ಹೊರಕ್ಕೆ ಹೊರಟಿದೆ. ರೆಕ್ಕೆ ಮತ್ತು ಕಾಯಿಯ ಗೋಡೆ ನಡುವೆ ಸೇರಿಕೆಯ ಗೆರೆ ಕಾಣಲಿಲ್ಲ.

ಮೇಷ್ಟ್ರು, ಕೋಟೆನಾಡು

ಕತ್ತರಿಸಿದ ಕಾಯಿಯ ಫೋಟೋ ನೋಡಿದೆ. ಇಷ್ಟು ಸ್ಪಷ್ಟವಾಗಿ ನಾನೂ ನೋಡಿರಲಿಲ್ಲ. ಟೀಚರ್ ಮೇಡಂ, ಇದರ ಪಕ್ಕದಲ್ಲಿ ಚುಕ್ಕೆ ಸೊಪ್ಪಿನ ಕಾಯಿಯನ್ನೂ ಹೀಗೇ ಅಡ್ಡ ಕತ್ತರಿಸಿ ಒಂದು ಫೋಟೋ ಹಾಕಿ. ಹಾಳೆ ಉದುರದ ಹಾಗೆ ಹೊಸ ಬ್ಲೇಡ್ ಬಳಸಿ, ಕಾಯಿ ಇನ್ನೂ ಸ್ವಲ್ಪ ಹಸಿ ಇರುವಾಗಲೇ ಕತ್ತರಿಸಿ.